ಕಳೆದುಹೋದ ಬಲೆ ಎಷ್ಟು ವರ್ಷ ಉಳಿಯುತ್ತದೆ? ಬಲೆ, ಹಗ್ಗ, ಗಾಳ ಕೊಳ್ಳುವ ಮುಂಚೆ ನೋಡಬೇಕಾದ ಹೋಲಿಕೆ

ಗಾಳದ ನೈಲಾನ್ ದಾರ ಸಮುದ್ರದಲ್ಲಿ ಕರಗಲು 600 ವರ್ಷ ಬೇಕು. ಈ ಲೆಕ್ಕವನ್ನು ನೀವೂ ಎಲ್ಲಾದರೂ ಓದಿರುತ್ತೀರಿ. ಬೀಚಿನ ಫಲಕಗಳಲ್ಲಿ, ಶಾಲೆಯ ಚಾರ್ಟುಗಳಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ ಇದು ಓಡಾಡುತ್ತಲೇ ಇದೆ. ಆದರೆ ನೈಲಾನ್ ಹುಟ್ಟಿದ್ದೇ 1935ರಲ್ಲಿ, ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ. ಅದಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ಹಾಗಾದರೆ 600 ವರ್ಷವನ್ನು ಕಂಡವರು ಯಾರು?

ಯಾರೂ ಇಲ್ಲ. ಅದೊಂದು ಅಂದಾಜು. ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ಕಾಲಿನ್ ವಾರ್ಡ್ ಮತ್ತು ಕ್ರಿಸ್ಟೊಫರ್ ರೆಡ್ಡಿ ಎಂಬ ವಿಜ್ಞಾನಿಗಳು ಇಂಥ ಪಟ್ಟಿಗಳ ಬೇರನ್ನು ಹುಡುಕಿಕೊಂಡು ಹೋದರು. ಬಹಳಷ್ಟು ಅಂಕಿಗಳ ಹಿಂದೆ ಸರಿಯಾದ ಅಳತೆಯೇ ಇಲ್ಲ ಎಂದು 2020ರಲ್ಲಿ ಬರೆದರು. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನಕಲು ಮಾಡುತ್ತಾ ಬಂದಿದ್ದರು, ಅಷ್ಟೇ.

ಹಾಗಂತ ನೈಲಾನ್ ಬೇಗ ಹೋಗಿಬಿಡುತ್ತದೆ ಎಂದು ತಿಳಿಯಬೇಡಿ. ಅದು ನಮ್ಮ ಕಾಲಕ್ಕೂ, ನಮ್ಮ ಮಕ್ಕಳ ಕಾಲಕ್ಕೂ ಉಳಿಯುವಂಥದ್ದೇ. ನನ್ನ ಮಾತು ಇಷ್ಟೇ: ಯಾವ ಬಲೆ, ಯಾವ ಹಗ್ಗ ಕೊಳ್ಳಬೇಕು ಎಂದು ತೀರ್ಮಾನಿಸಲು ಈ ವರ್ಷದ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. 400 ವರ್ಷವೋ 600 ವರ್ಷವೋ ಎನ್ನುವುದರಿಂದ ಒಂದು ಆಮೆಗೂ ವ್ಯತ್ಯಾಸವಾಗುವುದಿಲ್ಲ. ಕಳೆದುಹೋದ ಮೇಲೆ ಬಲೆ ಎಷ್ಟು ಕಾಲ ಮೀನು, ಆಮೆಯಂಥ ಜೀವಗಳನ್ನು ಹಿಡಿಯುತ್ತಲೇ ಇರುತ್ತದೆ? ಎಲ್ಲಿ ಹೋಗಿ ಸೇರುತ್ತದೆ? ಅದನ್ನು ವಾಪಸ್ ತರಲು ಸಾಧ್ಯವೇ? ಕೊಳ್ಳುವಾಗ ಕೇಳಬೇಕಾದ್ದು ಈ ಮೂರನ್ನು.

ನಾಡದೋಣಿಯವರು, ಅಳಿವೆಯಲ್ಲಿ ಏಡಿ ಬೋನು ಇಡುವವರು, ರಜೆಯಲ್ಲಿ ಗಾಳ ಹಿಡಿದು ಹೋಗುವವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ನಮ್ಮ ಕರಾವಳಿಯವೇ.

ಮೊದಲು ತಿಳಿಯಬೇಕಾದ್ದು: ಬಿಸಿಲು

ಬಲೆಯೊಂದು ಹಾಳಾಗುವುದು ಮೂರು ಹಂತಗಳಲ್ಲಿ. ಮೊದಲು ಶಕ್ತಿ ಹೋಗುತ್ತದೆ. ಸಿಕ್ಕಿಬಿದ್ದ ಮೀನು ಕೊಸರಿದರೆ ದಾರ ಹರಿಯುತ್ತದೆ. ಆಮೇಲೆ ಚೂರುಚೂರಾಗುತ್ತದೆ. ಕೊನೆಗೆ ಆ ಚೂರನ್ನೂ ಸೂಕ್ಷ್ಮಜೀವಿಗಳು ತಿಂದು ಮುಗಿಸಬೇಕು. ಹತ್ತಿ ದಾರದಲ್ಲಿ ಮೂರೂ ಕೆಲಸ ಒಂದರ ಹಿಂದೆ ಒಂದು ಬೇಗ ಬೇಗ ನಡೆಯುತ್ತವೆ. ಪ್ಲಾಸ್ಟಿಕ್‌ನಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ವರ್ಷಗಳು ಬೇಕು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಕಾಲವನ್ನು ಯಾರೂ ಪೂರ್ತಿ ಅಳೆದಿಲ್ಲ.

ಅನುಭವಿ ಮೀನುಗಾರರಿಗೆ ಬಲೆಯ ಆಯಸ್ಸು ಚೆನ್ನಾಗಿ ಗೊತ್ತು. ಕೆಲವು ಸೀಸನ್ ಆದ ಮೇಲೆ ಅದು ಗಡುಸಾಗುತ್ತದೆ, ಬಣ್ಣ ಹೋಗುತ್ತದೆ, ಕೈಯಲ್ಲಿ ಎಳೆದರೆ ಪಟ್ ಎನ್ನುತ್ತದೆ. ಇದನ್ನು ನೋಡಿದವರಿಗೆ ನೀರಿಗೆ ಬಿದ್ದ ಬಲೆಯೂ ಅಷ್ಟೇ ಬೇಗ ಹೋಗುತ್ತದೆ ಅನ್ನಿಸುವುದು ಸಹಜ. ಆದರೆ ದಡದ ಮೇಲೆ, ದೋಣಿಯ ಮೇಲೆ ಬಲೆಯನ್ನು ಕೆಡಿಸುವುದು ಬಿಸಿಲು. ಸೂರ್ಯನ ಅತಿನೇರಳೆ ಕಿರಣ, ಶಾಖ, ಗಾಳಿಯ ಆಮ್ಲಜನಕ ಮೂರೂ ಸೇರಿ ಪ್ಲಾಸ್ಟಿಕ್‌ನ ಉದ್ದನೆಯ ಸರಪಳಿಗಳನ್ನು ಕತ್ತರಿಸುತ್ತವೆ. ಸಮುದ್ರದ ತಳದಲ್ಲಿ ಬೆಳಕು ಕಡಿಮೆ, ತಂಪು ಜಾಸ್ತಿ. ಮೇಲಿಂದ ಕೆಸರು ಮುಚ್ಚಿದರೆ ಗಾಳಿಯೂ ಇಲ್ಲ. ದಡದಲ್ಲಿ ನಾಲ್ಕು ಬೇಸಿಗೆಯಲ್ಲಿ ಪುಡಿಯಾಗುತ್ತಿದ್ದ ಬಲೆ ತಳದಲ್ಲಿ ದಶಕಗಟ್ಟಲೆ ಗಟ್ಟಿಯಾಗಿಯೇ ಇರಬಹುದು.

ಹಳೆ ಬಲೆಯನ್ನು ಮರಳಲ್ಲಿ ಹೂಳುವುದು ತಪ್ಪು ಎನ್ನುವುದೂ ಇದೇ ಕಾರಣಕ್ಕೆ. ಹೂತರೆ ಬಿಸಿಲೂ ತಾಗುವುದಿಲ್ಲ. ಹಾಳಾಗದೆ ಹಾಗೇ ಉಳಿಯುತ್ತದೆ. ಮುಂದಿನ ಮಳೆಗಾಲದ ಕಡಲ್ಕೊರೆತದಲ್ಲಿ ಮರಳು ಜಾರಿದಾಗ ಬಲೆ ಮತ್ತೆ ನೀರಿಗೆ ಬರುತ್ತದೆ.

ಎರಡನೆಯ ಸಂಗತಿ ತೂಕ. ನೈಲಾನ್ ನೀರಿಗಿಂತ ಭಾರ, ಮುಳುಗುತ್ತದೆ. ಪಾಲಿಯೆಸ್ಟರ್ ಇನ್ನೂ ಭಾರ. ಪಾಲಿಥಿನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತವೆ. ಅಂದರೆ ಕಳೆದುಹೋದ ನೈಲಾನ್ ಬಲೆ ಕತ್ತಲೆಗೆ ಇಳಿಯುತ್ತದೆ. ಪಾಲಿಪ್ರೊಪಿಲೀನ್ ಹಗ್ಗದ ತುಂಡು ಬಿಸಿಲಲ್ಲಿ ತೇಲುತ್ತಾ ಚೂರಾಗುತ್ತದೆ. ಮೊದಲನೆಯದು ಮೀನಿಗೆ ಕುತ್ತು, ಎರಡನೆಯದು ಸೂಕ್ಷ್ಮ ಪ್ಲಾಸ್ಟಿಕ್‌ನ ಕಾಟ. ತೇಲುವ ಬಲೆಗೂ ಪಾಚಿ, ಚಿಪ್ಪುಜೀವಿಗಳು ಅಂಟಿ ಭಾರವಾದರೆ ಒಂದು ದಿನ ಅದೂ ಮುಳುಗುತ್ತದೆ.

ಬಲೆ: ಯಾವ ನೂಲು?

ಹಿಂದೆ ನಮ್ಮ ಕರಾವಳಿಯಲ್ಲಿ ಬಲೆ ಅಂದರೆ ಹತ್ತಿ ಮತ್ತು ಸೆಣಬು. ಬಂಗುಡೆ, ಬೂತಾಯಿಯ ಹಿಂಡನ್ನು ಸುತ್ತುವರಿದು ದಡಕ್ಕೆ ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆಗಳು ಆ ಕಾಲದವು. ಊರಿಗೆ ಊರೇ ನಿಂತು ಎಳೆಯುತ್ತಿತ್ತು. 1970ರ ದಶಕದ ನಡುವೆ, ಹಿಂಡನ್ನು ಸುತ್ತುವರಿದು ಬಲೆಯ ತಳವನ್ನು ಚೀಲದಂತೆ ಬಿಗಿಯುವ ಪರ್ಸೀನ್ ಬೋಟ್‌ಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಹತ್ತಿ ಬಲೆಯ ಕಷ್ಟ ಏನೆಂದರೆ ಅದು ಕೊಳೆಯುತ್ತದೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಯಾವ ಲೇಪವೂ ಇಲ್ಲದ ಹತ್ತಿ ಕೆಲವೇ ವಾರಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ತೊಗಟೆಯ ಒಗರು ರಸದಲ್ಲಿ ಅದ್ದುವುದು, ಟಾರು ಹಚ್ಚುವುದು, ಪ್ರತಿ ಸಲ ದಡಕ್ಕೆ ಬಂದಾಗ ಹರವಿ ಒಣಗಿಸುವುದು. ಎಷ್ಟೊಂದು ದುಡಿಮೆ! ಆ ದುಡಿಮೆಯನ್ನು ನೈಲಾನ್ ತಪ್ಪಿಸಿತು. ಅದನ್ನು ಮರೆತು 'ಎಲ್ಲರೂ ಹತ್ತಿಗೆ ಮರಳಿ' ಎಂದು ಉಪದೇಶ ಮಾಡುವುದು ಸರಿಯಲ್ಲ. ಇಡೀ ಬಲೆಯನ್ನು ಹತ್ತಿಯಲ್ಲಿ ಮಾಡುವ ಕಾಲ ಮುಗಿದಿದೆ. ಹತ್ತಿಗೆ ಇವತ್ತೂ ಒಂದು ಒಳ್ಳೆಯ ಜಾಗವಿದೆ, ಬೋನಿನ ಮಾತು ಬಂದಾಗ ಹೇಳುತ್ತೇನೆ.

ಇವತ್ತಿನ ಆಯ್ಕೆ ಇರುವುದು ಒಂಟಿ ಎಳೆಯ ನೈಲಾನ್, ಹಲವು ಎಳೆ ಹುರಿಮಾಡಿದ ನೈಲಾನ್, ಎಚ್‌ಡಿಪಿಇ ಎನ್ನುವ ಗಟ್ಟಿ ಪಾಲಿಥಿನ್, ಇವುಗಳ ನಡುವೆ. ಬೋಟಿನ ಹಿಂದೆ ಎಳೆದೊಯ್ಯುವ ಚೀಲದಂಥ ಟ್ರಾಲ್ ಬಲೆಗಳು ನಮ್ಮಲ್ಲಿ ಹೆಚ್ಚಾಗಿ ಎಚ್‌ಡಿಪಿಇ. ಪರ್ಸೀನ್ ಬಲೆಗಳು ಹುರಿಮಾಡಿದ ನೈಲಾನ್, ಏಕೆಂದರೆ ಅವು ಬೇಗ ಮುಳುಗಬೇಕು. ಇವೆರಡರಲ್ಲಿ ಸಣ್ಣ ಮೀನುಗಾರರಿಗೆ ದೊಡ್ಡ ಆಯ್ಕೆಯೇನೂ ಇಲ್ಲ. ನಿಜವಾದ ಆಯ್ಕೆ ಇರುವುದು ನೀರಿನಲ್ಲಿ ಗೋಡೆಯ ಹಾಗೆ ನಿಂತು ಕಿವಿರಿಗೆ ಸಿಕ್ಕಿಸುವ ಬಲೆಯಲ್ಲಿ. ಕಳೆದುಹೋದ ಮೇಲೆ ಹೆಚ್ಚು ಹಾನಿ ಮಾಡುವ ಬಲೆಗಳಲ್ಲಿ ಇದೂ ಒಂದು.

ಒಂಟಿ ಎಳೆ ಬಲೆ ಗಾಜಿನಂತೆ ಪಾರದರ್ಶಕ. ಮೀನಿಗೆ ಕಾಣುವುದಿಲ್ಲ, ಹಾಗಾಗಿ ಹಿಡಿತ ಜಾಸ್ತಿ. ಬೆಲೆಯೂ ಕೈಗೆಟಕುತ್ತದೆ. ಆದರೆ ಹರಿದರೆ ಹೆಣೆಯುವುದು ಕಷ್ಟ, ಬೇಗ ಗಡುಸಾಗುತ್ತದೆ. ಹೊಸದನ್ನು ತರುವುದೇ ಸುಲಭ ಎನ್ನಿಸುತ್ತದೆ. ಹೀಗೆ ವರ್ಷ ವರ್ಷವೂ ಕಸ ಹೆಚ್ಚುತ್ತದೆ. ಕಳೆದುಹೋದರಂತೂ ಕಾಣದಿರುವ ಅದೇ ಗುಣ ಅಪಾಯವಾಗುತ್ತದೆ. ಮೀನಿಗೂ ಕಾಣದು, ಆಮೆಗೂ ಕಾಣದು, ಮುಳುಗುವ ಹಕ್ಕಿಗೂ ಕಾಣದು. ಹುರಿಮಾಡಿದ ನೈಲಾನ್ ಮೃದು. ಮಳೆಗಾಲದಲ್ಲಿ ಕೂತು ಹೆಣೆದು ಇನ್ನೊಂದು ಸೀಸನ್‌ಗೆ ಸಿದ್ಧ ಮಾಡಬಹುದು. ಕಳೆದುಹೋದರೆ ಎಳೆಗಳ ನಡುವೆ ಪಾಚಿ, ಕೆಸರು ಬೇಗ ಕೂರುತ್ತವೆ, ಬಲೆ ಕಣ್ಣಿಗೆ ಬೀಳುತ್ತದೆ, ಭಾರಕ್ಕೆ ಕುಸಿಯುತ್ತದೆ. ಎರಡೂ ನೈಲಾನೇ. 600 ವರ್ಷದ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಸಾಲು. ಜೀವ ಹಿಡಿಯುವ ಕಾಲದಲ್ಲಿ ಮಾತ್ರ ಎರಡಕ್ಕೂ ತುಂಬಾ ವ್ಯತ್ಯಾಸ.

ಎಲ್ಲಿ ಬಿಡುತ್ತೀರಿ ಎನ್ನುವುದೂ ಇಷ್ಟೇ ಮುಖ್ಯ. ಬಯಲು ಮರಳಿನ ತಳದಲ್ಲಿ ಕಳೆದ ಬಲೆಯನ್ನು ಸೆಳೆತ ಬೇಗ ಸುತ್ತಿ ಮುದ್ದೆ ಮಾಡುತ್ತದೆ. ಮೊದಲ ಕೆಲವು ವಾರಗಳಲ್ಲಿ ಅದು ಜೋರಾಗಿ ಹಿಡಿಯುತ್ತದೆ, ಆಮೇಲೆ ಹಿಡಿತ ಬೇಗ ಇಳಿಯುತ್ತದೆ. ಬಂಡೆಗೋ ಮುಳುಗಿದ ದೋಣಿಗೋ ಸಿಕ್ಕಿಕೊಂಡ ಬಲೆ ಹಾಗಲ್ಲ. ಅದು ಹರಡಿಕೊಂಡೇ ನಿಂತಿರುತ್ತದೆ. ಸಿಕ್ಕಿ ಸತ್ತ ಮೀನು ಏಡಿಯನ್ನು ಕರೆಯುತ್ತದೆ, ಏಡಿ ದೊಡ್ಡ ಮೀನನ್ನು ಕರೆಯುತ್ತದೆ. ಹಿಡಿದವರಿಗೂ ಸಿಗದೆ, ಸಮುದ್ರಕ್ಕೂ ಉಳಿಯದೆ ಹೋಗುವ ಮೀನು ಅದು. ಮುರ್ಡೇಶ್ವರದಾಚೆಯ ನೇತ್ರಾಣಿಯಂಥ ಹವಳ, ಬಂಡೆ ಇರುವ ಜಾಗಗಳ ಸುತ್ತ ಒಂಟಿ ಎಳೆ ಬಲೆ ಬಿಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ ಎಂದು ನನ್ನ ಖಚಿತ ಅಭಿಪ್ರಾಯ.

ನನ್ನ ಸಲಹೆ: ಕೈಯಲ್ಲಿ ಹೆಣೆದು ಉಳಿಸಿಕೊಳ್ಳುವ ತಾಳ್ಮೆ ಇದ್ದರೆ ಹುರಿಮಾಡಿದ ನೈಲಾನ್. ಒಂಟಿ ಎಳೆಯೇ ಬೇಕು ಎನ್ನುವುದಾದರೆ ಬಯಲು ತಳದಲ್ಲಿ ಮಾತ್ರ, ಕಣ್ಣಳತೆಯಲ್ಲಿ, ಕಡಿಮೆ ಹೊತ್ತು. ರಾತ್ರಿಯಿಡೀ ಬಿಟ್ಟು ಬರುವ ಬಲೆಯೇ ಹೆಚ್ಚು ಕಳೆಯುವುದು. ಗಾಳಿಮಳೆ ಎಳೆದೊಯ್ಯಬಹುದು, ಬೇರೆ ಬೋಟಿನ ಟ್ರಾಲ್ ಬಲೆ ಕತ್ತರಿಸಿಕೊಂಡು ಹೋಗಬಹುದು. ಇದರಲ್ಲಿ ಸಣ್ಣ ಮೀನುಗಾರರ ತಪ್ಪು ಇರುವುದಿಲ್ಲ, ನಷ್ಟ ಮಾತ್ರ ಅವರದೇ.

ಜಗತ್ತಿನಾದ್ಯಂತ ಮೀನುಗಾರರನ್ನು ಮಾತಾಡಿಸಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ವರ್ಷಕ್ಕೆ ಎಲ್ಲ ಮೀನುಗಾರಿಕೆ ಸಾಮಗ್ರಿಯ ಸುಮಾರು ಶೇ. 2 ಸಮುದ್ರದ ಪಾಲಾಗುತ್ತದೆ. ಕೇಳಲು ಚಿಕ್ಕದು. ಅದರಲ್ಲಿ ಈ ನಿಲ್ಲುವ ಬಲೆಗಳ ಪಾಲೇ ಸುಮಾರು 3,000 ಚದರ ಕಿಲೋಮೀಟರ್. ಬೆಂಗಳೂರು ನಗರವನ್ನು ನಾಲ್ಕು ಸಲ ಮುಚ್ಚಬಹುದಾದಷ್ಟು, ಅದೂ ಪ್ರತಿ ವರ್ಷ.

'ತಾನಾಗಿ ಕರಗುವ' ಬಲೆ ಬಂದಿದೆಯಲ್ಲ?

ಬಂದಿದೆ. ದಕ್ಷಿಣ ಕೊರಿಯಾ ಇದರಲ್ಲಿ ಎಲ್ಲರಿಗಿಂತ ಮುಂದೆ. ಪಿಬಿಎಸ್ ಎನ್ನುವ, ಸೂಕ್ಷ್ಮಜೀವಿಗಳು ತಿನ್ನಬಲ್ಲ ಪಾಲಿಯೆಸ್ಟರ್‌ಗೆ ಅದೇ ಬಗೆಯ ಪಿಬಿಎಟಿ ಬೆರೆಸಿ ನೂಲು ತೆಗೆದು, ಅದರಿಂದ ಬಲೆ ಮಾಡಿದ್ದಾರೆ. ಉಪ್ಪುನೀರಿನಲ್ಲಿ ಸುಮಾರು ಎರಡು ವರ್ಷದ ನಂತರ ಸೂಕ್ಷ್ಮಜೀವಿಗಳು ಅದನ್ನು ತಿನ್ನಲು ಶುರುಮಾಡುತ್ತವೆ. ಅಲ್ಲಿನ ಸರ್ಕಾರ ಸಹಾಯಧನ ಕೊಟ್ಟು ಮೀನುಗಾರರಿಗೆ ಹಂಚಿದೆ. ನಾರ್ವೆಯಲ್ಲೂ ಕಾಡ್ ಮೀನಿನ ಮೇಲೆ ಪರೀಕ್ಷೆ ಮಾಡಿದರು. ನೈಲಾನ್ ಬಲೆಗಿಂತ ಕಡಿಮೆ ಮೀನು ಬಿತ್ತು. ಈ ನೂಲು ನೈಲಾನ್‌ನಷ್ಟು ಗಟ್ಟಿಯಲ್ಲ, ಎಳೆದಾಗಿನ ವರ್ತನೆಯೂ ಬೇರೆ.

ಸಮುದ್ರದ ಕಣ್ಣಿನಿಂದ ನೋಡಿದರೆ ಇದು ಚೆನ್ನಾಗಿದೆ. ಶಕ್ತಿ ಬೇಗ ಹೋಗುತ್ತದೆ, ಜೀವ ಹಿಡಿಯುವ ಕಾಲ ಕಡಿಮೆಯಾಗುತ್ತದೆ. ಆದರೆ ಮೀನು ಕಡಿಮೆ, ಬೆಲೆ ಜಾಸ್ತಿ ಎಂದರೆ ಆ ನಷ್ಟವನ್ನು ನಾಡದೋಣಿಯವರು ಹೊರಬೇಕು ಎನ್ನುವುದು ನ್ಯಾಯವಲ್ಲ. ಕೊರಿಯಾದಂತೆ ಸರ್ಕಾರ ಕೈಜೋಡಿಸಿದರೆ ಮಾತ್ರ ಈ ಆಯ್ಕೆ ನಮ್ಮಲ್ಲಿ ಬಾಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 'ಪರಿಸರಸ್ನೇಹಿ', 'ಕರಗುವ ಪ್ಲಾಸ್ಟಿಕ್' ಎಂಬ ಚೀಟಿ ಅಂಟಿಸಿದ ಎಲ್ಲವೂ ಇದೇ ಜಾತಿಯಲ್ಲ. ಆಕ್ಸೊ ಎನ್ನುವ ಬಗೆ ಇದೆ. ಸಾಮಾನ್ಯ ಪ್ಲಾಸ್ಟಿಕ್‌ಗೆ ಬೇಗ ಪುಡಿಯಾಗುವ ಮಸಾಲೆ ಸೇರಿಸಿದ್ದು ಅದು, ಪುಡಿಯಾದ ಮೇಲೂ ಪ್ಲಾಸ್ಟಿಕ್ಕೇ. ಯುರೋಪಿಯನ್ ಒಕ್ಕೂಟ 2019ರ ನಿರ್ದೇಶನದಲ್ಲಿ ಆ ಬಗೆಯ ವಸ್ತುಗಳ ಮಾರಾಟವನ್ನೇ ನಿಷೇಧಿಸಿದೆ. ಇನ್ನೊಂದು ಪಿಎಲ್ಎ, ಜೋಳದ ಪಿಷ್ಟದಿಂದ ಮಾಡುವಂಥದ್ದು. ಅದು ಕರಗುವುದು ಗೊಬ್ಬರದ ಕಾರ್ಖಾನೆಯ 60 ಡಿಗ್ರಿ ಸುತ್ತಮುತ್ತಲಿನ ಶಾಖದಲ್ಲಿ. ಸಮುದ್ರದಲ್ಲಿ ಆ ಶಾಖ ಎಲ್ಲಿಂದ ಬರಬೇಕು? ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ಸಮುದ್ರದ ನೀರಿನಲ್ಲಿಟ್ಟು ಪರೀಕ್ಷೆ ಮಾಡಿದ್ದಾರಾ? ಉತ್ತರ ಬರದಿದ್ದರೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಹಗ್ಗ

ಬಲೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹಗ್ಗದ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಗ್ಗ ಕಳೆಯದೆಯೂ ಕಸವಾಗುತ್ತದೆ ಎನ್ನುವುದು ನನಗೆ ಹೆಚ್ಚು ಚಿಂತೆಯ ವಿಷಯ.

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ದೋಣಿಯಲ್ಲಿ ಹಗ್ಗ ಎಳೆಯುವಾಗ ಎಷ್ಟು ಚೂರು ಉದುರುತ್ತದೆ ಎಂದು ಎಣಿಸಿ 2022ರಲ್ಲಿ ಪ್ರಕಟಿಸಿದರು. ಹೊಸ ಹಗ್ಗ ಮತ್ತು ಒಂದು ವರ್ಷ ಹಳೆಯ ಹಗ್ಗದಿಂದ ಒಂದು ಮೀಟರ್ ಎಳೆತಕ್ಕೆ ಸುಮಾರು 20 ಚೂರು. ಎರಡು ವರ್ಷ ಹಳೆಯದರಿಂದ ಸುಮಾರು 720. ಹತ್ತು ವರ್ಷದ್ದರಿಂದ 760. ಒಂದರಿಂದ ಎರಡನೆಯ ವರ್ಷಕ್ಕೆ ಆದ ನೆಗೆತ ನೋಡಿ. ನೂರು ಮೀಟರ್ ಹಗ್ಗವನ್ನು ಒಮ್ಮೆ ಎಳೆದರೆ 70 ಸಾವಿರಕ್ಕೂ ಜಾಸ್ತಿ ಚೂರು ನೀರಿಗೆ. ಇನ್ನೊಂದು ಪ್ರಯೋಗದಲ್ಲಿ 10 ಮೀಟರ್ ಆಳದಲ್ಲಿ ಒಂದು ವರ್ಷ ಹಗ್ಗಗಳನ್ನು ಇಟ್ಟು ತೂಗಿದರು. ತಿಂಗಳಿಗೆ ಪಾಲಿಪ್ರೊಪಿಲೀನ್ ಶೇ. 0.39, ಪಾಲಿಥಿನ್ ಶೇ. 0.45, ನೈಲಾನ್ ಶೇ. 1.02 ತೂಕ ಕಳೆದುಕೊಂಡಿದ್ದವು. ನೈಲಾನ್ 600 ವರ್ಷ ಅಲುಗದೆ ಕೂತಿರುತ್ತದೆ ಎಂದುಕೊಂಡವರಿಗೆ ಇದು ಆಶ್ಚರ್ಯವಾಗಬಹುದು. ಹಗ್ಗ ಸವೆಯುತ್ತಲೇ ಇರುತ್ತದೆ. ಸವೆದ ಪುಡಿ ಮಾತ್ರ ಎಲ್ಲೂ ಹೋಗುವುದಿಲ್ಲ.

ಹೋಲಿಸಿ ನೋಡಿದರೆ: ಪಾಲಿಪ್ರೊಪಿಲೀನ್ ಅಗ್ಗ, ಹಗುರ, ತೇಲುತ್ತದೆ, ಬಿಸಿಲಿಗೆ ಎಲ್ಲಕ್ಕಿಂತ ಬೇಗ ಸೋಲುತ್ತದೆ. ನಮ್ಮ ಬಂದರುಗಳಲ್ಲಿ ಬಿದ್ದಿರುವ ಹಸಿರು, ನೀಲಿ ಎಳೆಗಳಲ್ಲಿ ಬಹುಪಾಲು ಇಂಥದ್ದೇ. ಪಾಲಿಯೆಸ್ಟರ್ ದುಬಾರಿ, ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಮುಳುಗುತ್ತದೆ. ನೈಲಾನ್ ಎಳೆದರೆ ಹಿಗ್ಗುತ್ತದೆ, ಲಂಗರಿಗೆ ಅನುಕೂಲ. ತೆಂಗಿನ ನಾರಿನ ಹಗ್ಗ ಉಪ್ಪುನೀರನ್ನು ಹತ್ತಿಗಿಂತ ಎಷ್ಟೋ ಚೆನ್ನಾಗಿ ತಾಳುತ್ತದೆ, ಅದರಲ್ಲಿ ಲಿಗ್ನಿನ್ ಎಂಬ ಬೇಗ ಕೊಳೆಯದ ಗಟ್ಟಿ ಅಂಶ ಜಾಸ್ತಿ ಇರುವುದರಿಂದ. ಆದರೂ ಕೊನೆಗೆ ಪೂರ್ತಿ ಮಣ್ಣಾಗುತ್ತದೆ. ಬಲ ಕಡಿಮೆ, ದಪ್ಪ ಜಾಸ್ತಿ. ಭಾರೀ ಎಳೆತಕ್ಕೆ ಬೇಡ. ಬೋನು ಕಟ್ಟಲು, ಚಿಪ್ಪಿ ಕೃಷಿಯ ತೆಪ್ಪದ ಕಟ್ಟುಗಳಿಗೆ, ಬೇಲಿಬಲೆಯ ಗೂಟಕ್ಕೆ ನಾರಿನ ಹಗ್ಗವೇ ಸಾಕು. ನಾರು ನಮ್ಮ ಊರಲ್ಲೇ ಸಿಗುತ್ತದೆ, ಅಲ್ವಾ?

ದಿನವೂ ಎಳೆಯುವ ಹಗ್ಗವನ್ನು ನೂಲು ಏಳುವ ಮೊದಲೇ ಬದಲಿಸಿ. ಎಳೆಯದ ವೇಳೆ ಟಾರ್ಪಾಲಿನ ಕೆಳಗಿಡಿ. ಇಷ್ಟು ಮಾಡಿದರೆ ಅಗ್ಗದ ಹಗ್ಗವೂ ಹೆಚ್ಚು ಕಾಲ ಬಾಳುತ್ತದೆ. ಹಗ್ಗ ಕತ್ತರಿಸಿದಾಗ ಉಳಿಯುವ ಗೇಣುದ್ದದ ತುಂಡುಗಳಿಗೆ ದೋಣಿಯಲ್ಲೇ ಒಂದು ಚೀಲ ಕಟ್ಟಿಕೊಳ್ಳಿ.

ಬೆಂಡು ಮತ್ತು ಗುಂಡು

ಬಲೆಯನ್ನು ತೇಲಿಸುವ ಬೆಂಡಿನಲ್ಲಿ ತೀರ್ಮಾನ ಸುಲಭ. ಹೊದಿಕೆಯಿಲ್ಲದ ಥರ್ಮಾಕೋಲ್ ಬೇಡ. ಅದು ಬೆರಳಿಗೆ ತಾಗಿದರೂ ಕಾಳು ಕಾಳಾಗಿ ಉದುರುತ್ತದೆ. ಬಿಸಿಲಲ್ಲಿ ಅದು ಪೂರ್ತಿ ಇಂಗಾಲದ ಡೈಆಕ್ಸೈಡ್ ಆಗಿ ಮುಗಿಯಲು ಶತಮಾನಗಳು ಬೇಕು ಎಂದು ಮೊದಲು ಹೇಳಿದ ವಾರ್ಡ್ ಅವರ ತಂಡ 2019ರಲ್ಲಿ ಲೆಕ್ಕ ಹಾಕಿದೆ. ನೆರಳಿನಲ್ಲಿ, ಮರಳಿನಡಿಯಲ್ಲಿ ಇನ್ನೂ ನಿಧಾನ. ಗಟ್ಟಿ ಪ್ಲಾಸ್ಟಿಕ್‌ನ ಟೊಳ್ಳು ಬೆಂಡು ಬೆಲೆ ಜಾಸ್ತಿ ಆದರೂ ಒಡೆಯುವವರೆಗೆ ಇಡಿಯಾಗಿರುತ್ತದೆ. ದಡಕ್ಕೆ ಬಂದರೆ ಎತ್ತಿ ಮತ್ತೆ ಕಟ್ಟಬಹುದು.

ಬಲೆಯನ್ನು ಮುಳುಗಿಸುವ ಗುಂಡಿನಲ್ಲಿ ಸೀಸಕ್ಕೆ ಬದಲು ಕಲ್ಲು, ಸಿಮೆಂಟ್, ಸುಟ್ಟ ಮಣ್ಣು, ಕಬ್ಬಿಣ. ಸೀಸ ಎಷ್ಟು ವರ್ಷವಾದರೂ ಸೀಸವೇ, ಅದೂ ವಿಷ. ಕಬ್ಬಿಣ ತುಕ್ಕಾಗಿ ಹೋಗುತ್ತದೆ. ಬ್ರಿಟನ್‌ನಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳನ್ನು 1987ರಲ್ಲೇ ನಿಷೇಧಿಸಿದರು, ಹಂಸಗಳು ಅವನ್ನು ನುಂಗಿ ಸಾಯುತ್ತಿದ್ದವು ಎಂಬ ಕಾರಣಕ್ಕೆ.

ಏಡಿ ಬೋನು: ಹತ್ತಿ ದಾರದ ಬಾಗಿಲು

ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ ಕೊಡುವ ಆಯ್ಕೆ ಈ ಇಡೀ ಲೇಖನದಲ್ಲಿ ಒಂದಿದ್ದರೆ ಅದು ಇದು.

ಕಾಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯಂಥ ಅಳಿವೆಗಳಲ್ಲಿ ಏಡಿಗೆ ಬೆಲೆ ಇದೆ. ಕಬ್ಬಿಣದ ಚೌಕಟ್ಟಿಗೆ ಪ್ಲಾಸ್ಟಿಕ್ ಬಲೆ ಹೊದಿಸಿದ ಬೋನು ಕಳೆದುಹೋದರೆ ಏನಾಗುತ್ತದೆ? ಒಳಗೆ ಬಂದ ಏಡಿ ಹೊರಗೆ ಹೋಗಲಾರದೆ ಸಾಯುತ್ತದೆ. ಸತ್ತ ಏಡಿಯೇ ಮುಂದಿನ ಏಡಿಗೆ ಎರೆ. ಯಾರೂ ಎರೆ ಹಾಕದಿದ್ದರೂ ಬೋನು ತಾನೇ ಎರೆ ಹಾಕಿಕೊಳ್ಳುತ್ತಾ ಹೋಗುತ್ತದೆ.

ಇದಕ್ಕೆ ಪರಿಹಾರ ಬಹಳ ಸರಳ. ಬೋನಿನ ಒಂದು ಬದಿಯಲ್ಲಿ ದೊಡ್ಡ ಏಡಿ ದಾಟುವಷ್ಟು ತೂತು ಕತ್ತರಿಸಿ, ಅದನ್ನು ಲೇಪವಿಲ್ಲದ ಹತ್ತಿ ದಾರದಿಂದ ಹೊಲಿಯಬೇಕು. ಬೋನನ್ನು ದಿನವೂ ಎತ್ತುತ್ತಿದ್ದರೆ ದಾರ ಬಿಗಿಯಾಗಿದೆಯೇ ಎಂದು ನೋಡಿ, ಸಡಿಲವಾದರೆ ಹೊಸದಾಗಿ ಹೊಲಿಯಬಹುದು. ಬೋನು ಕಳೆದುಹೋದರೆ ಹತ್ತಿ ಕೊಳೆತು ಬಾಗಿಲು ತೆರೆದುಕೊಳ್ಳುತ್ತದೆ. ಅಲಾಸ್ಕಾದಲ್ಲಿ ಏಡಿ ಬೋನಿಗೆ ಇಂಥ ಹತ್ತಿ ದಾರ ಕಾನೂನಿನಂತೆ ಕಡ್ಡಾಯ. ಅಲ್ಲಿನ ತಣ್ಣೀರಿಗಿಂತ ನಮ್ಮ ಬೆಚ್ಚಗಿನ ಅಳಿವೆಯಲ್ಲಿ ದಾರ ಬೇಗ ಕೊಳೆಯುತ್ತದೆ. ಹಾಗಾಗಿ ಒಂದೆರಡು ದಪ್ಪದ ದಾರಗಳನ್ನು ನಿಮ್ಮ ನೀರಿನಲ್ಲೇ ಕಟ್ಟಿಟ್ಟು ನೋಡಿ ಆರಿಸಿಕೊಳ್ಳಿ. ನಾನಾದರೆ ಒಂದು ತಿಂಗಳಿಗಿಂತ ಜಾಸ್ತಿ ಬಾಳದ ದಾರವನ್ನೇ ಆರಿಸುತ್ತೇನೆ.

ಇದರಿಂದ ಮೀನುಗಾರರಿಗೆ ಏನು ಲಾಭ ಎಂದು ಕೇಳುವವರಿಗೆ ಅಮೆರಿಕದ ಚೆಸಪೀಕ್ ಕೊಲ್ಲಿಯ ಲೆಕ್ಕ ಹೇಳಬೇಕು. ವರ್ಜೀನಿಯಾ ರಾಜ್ಯ 2008ರಿಂದ 2014ರ ನಡುವೆ ಮೀನುಗಾರರಿಗೇ ಕೂಲಿ ಕೊಟ್ಟು 34,408 ಅನಾಥ ಬೋನುಗಳನ್ನು ತೆಗೆಸಿತು. ಏಡಿ ಇಳುವರಿ ಶೇ. 27ರಷ್ಟು ಹೆಚ್ಚಿತು ಎಂದು ಆಮೇಲಿನ ಅಧ್ಯಯನ ಹೇಳಿತು. ಕಳೆದ ಬೋನು ತಿನ್ನುತ್ತಿದ್ದುದು ಅವರದೇ ಏಡಿಯನ್ನು.

ಪೂರ್ತಿ ಬಿದಿರು, ಬೆತ್ತದ ಬೋನು ಹೆಣೆಯುವವರು ಇನ್ನೂ ಇದ್ದರೆ ಅವರಿಂದಲೇ ಕೊಳ್ಳಿ. ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ.

ಗಾಳ ಹಿಡಿಯುವವರಿಗೆ

ದಾರದಲ್ಲಿ ಮೂರು ಬಗೆ. ಸಾಮಾನ್ಯ ನೈಲಾನ್ ಒಂಟಿ ಎಳೆ. ಹೆಣೆದ ಪಾಲಿಥಿನ್ ದಾರ, ಇದು ತೆಳ್ಳಗಿದ್ದರೂ ಉಕ್ಕಿನಷ್ಟು ಗಟ್ಟಿ. ಮೂರನೆಯದು ಫ್ಲೂರೊಕಾರ್ಬನ್, ನೀರಿನಲ್ಲಿ ಕಾಣದ, ಮುಳುಗುವ ದಾರ. ಬಾಳಿಕೆಯಲ್ಲಿ ಫ್ಲೂರೊಕಾರ್ಬನ್ ಮೊದಲು. ಬಿಸಿಲು, ನೀರು ಯಾವುದಕ್ಕೂ ಅದು ಜಗ್ಗುವುದಿಲ್ಲ. ಹಾಗಾಗಿಯೇ ನನ್ನ ಪಟ್ಟಿಯಲ್ಲಿ ಅದು ಕೊನೆ. ಹೆಣೆದ ದಾರ ಪೊದೆಗೆ ಸಿಕ್ಕಿದರೆ ಹರಿಯುವುದಿಲ್ಲ, ಹಕ್ಕಿಯ ಕಾಲಿಗೆ ಸುತ್ತಿದರೆ ಮಾಂಸಕ್ಕೇ ಇಳಿಯುತ್ತದೆ. ಸಾಮಾನ್ಯ ನೈಲಾನ್ ಮೂರರಲ್ಲಿ ವಾಸಿ, ದಡದ ಬಿಸಿಲಿನಲ್ಲಾದರೂ ಬಲ ಕಳೆದುಕೊಳ್ಳುತ್ತದೆ.

ಕೊಕ್ಕೆಯಲ್ಲಿ ಸ್ಟೇನ್‌ಲೆಸ್ ಬೇಡ, ಸಾದಾ ಉಕ್ಕು ಸಾಕು. ಮೀನಿನ ಬಾಯಲ್ಲೇ ಉಳಿದರೂ ತುಕ್ಕು ಹಿಡಿದು ಹೋಗುತ್ತದೆ. ಕೊಕ್ಕೆಯ ತುದಿಯ ಹಿಮ್ಮುಖದ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಇನ್ನೂ ಒಳ್ಳೆಯದು.

ಇದು ಸಮುದ್ರಕ್ಕೆ ಮಾತ್ರ ಸೇರಿದ ಮಾತಲ್ಲ. ತುಂಗಭದ್ರಾ ನದಿಯಲ್ಲಿ ನೀರುನಾಯಿಗಳಿಗಾಗಿಯೇ 2015ರಲ್ಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು, ದೇಶದಲ್ಲೇ ಮೊದಲನೆಯದು. ಅಂಥ ದಂಡೆಯಲ್ಲಿ ಬಿಟ್ಟುಬಂದ ನಾಲ್ಕು ಮೊಳ ದಾರ, ಹರಿದ ಬಲೆಯ ತುಂಡು ಒಂದು ಮರಿಯನ್ನು ಕೊಲ್ಲಲು ಸಾಕು. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ಮರದ ಬುಡಗಳಿಗೆ ಸಿಕ್ಕಿಕೊಂಡ ಹಳೆ ಬಲೆಗಳು ಹೊರಗೆ ಕಾಣುತ್ತವೆ. ಅವನ್ನು ತೆಗೆಯಲು ಅದೇ ಸರಿಯಾದ ಸಮಯ.

ಹಳೆಯದಾದ ಮೇಲೆ ಎಲ್ಲಿಗೆ?

ಕೊಳ್ಳುವಾಗಲೇ ಇದನ್ನು ಯೋಚಿಸಬೇಕು. ಒಂದೇ ವಸ್ತುವಿನಿಂದ ಮಾಡಿದ ಬಲೆಗೆ ಎರಡನೆಯ ಜನ್ಮ ಇದೆ, ಕಲಬೆರಕೆಗೆ ಇಲ್ಲ. ನೈಲಾನ್-6 ಎಂಬ ಬಗೆಯ ನೈಲಾನ್ ಬಲೆಯನ್ನು ರಾಸಾಯನಿಕವಾಗಿ ಬಿಡಿಸಿ ಮತ್ತೆ ಹೊಸ ನೂಲು ತೆಗೆಯಬಹುದು. ಇಟಲಿಯ ಅಕ್ವಾಫಿಲ್ ಕಂಪನಿ ಸ್ಲೊವೇನಿಯಾದ ಕಾರ್ಖಾನೆಯಲ್ಲಿ ಇದನ್ನೇ ಮಾಡುತ್ತಿದೆ. ಎಚ್‌ಡಿಪಿಇ, ಪಾಲಿಪ್ರೊಪಿಲೀನ್‌ಗಳನ್ನು ಕರಗಿಸಿ ಬೇರೆ ಸಾಮಾನು ಮಾಡಬಹುದು. ಗುಜರಿಯವರು ತೆಗೆದುಕೊಳ್ಳುವುದೂ ಬೇರ್ಪಡಿಸಿದ, ಒಣಗಿದ, ಸ್ವಚ್ಛ ಮಾಲನ್ನೇ.

ಯಾವುದು ಯಾವುದೆಂದು ತಿಳಿಯದಿದ್ದರೆ ಒಂದು ಬಕೆಟ್ ನೀರು ಸಾಕು. ತೊಳೆದ ತುಂಡನ್ನು ನೀರೊಳಗೆ ಹಿಂಡಿ, ಗಾಳಿಗುಳ್ಳೆ ಹೋಗುವಂತೆ ಮಾಡಿ ಬಿಡಿ. ಮುಳುಗಿದರೆ ನೈಲಾನ್ ಅಥವಾ ಪಾಲಿಯೆಸ್ಟರ್. ತೇಲಿದರೆ ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಬಲೆ ರಿಪೇರಿ ನಡೆಯುವ ಆ 61 ದಿನಗಳಲ್ಲಿ ಬಂದರಿನಲ್ಲೇ ಎರಡು ರಾಶಿ ಮಾಡಿಟ್ಟರೆ ಅರ್ಧ ಕೆಲಸ ಮುಗಿದಂತೆ. ಪಕ್ಕದ ಕೇರಳದಲ್ಲಿ 2017ರಲ್ಲಿ ಕೊಲ್ಲಂನ ನೀಂಡಕರದಿಂದ ಶುರುವಾದ ಶುಚಿತ್ವ ಸಾಗರಂ ಯೋಜನೆಯಲ್ಲಿ ಮೀನುಗಾರರು ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ದಡಕ್ಕೆ ತಂದರು, ಅದನ್ನು ಪುಡಿಮಾಡಿ ರಸ್ತೆಗೆ ಬಳಸಿದರು. ಮಲ್ಪೆ, ಮಂಗಳೂರು, ಕಾರವಾರಗಳಲ್ಲೂ ಹೀಗೆ ನಿರಂತರವಾಗಿ ನಡೆಯಲಿ ಎನ್ನುವುದು ನನ್ನ ಆಸೆ.

ಬಲೆ ಸುಡುವುದು ಮಾತ್ರ ಬೇಡವೇ ಬೇಡ. ಸುಟ್ಟ ನೈಲಾನ್‌ನಿಂದ ಹೈಡ್ರೋಜನ್ ಸಯನೈಡ್ ಎಂಬ ವಿಷಗಾಳಿ ಬರುತ್ತದೆ. ಮಕ್ಕಳು ಆಡುವ ದಡ ಅದು. ನೀರಿಗೆ ಬೇಕೆಂದೇ ಎಸೆಯುವುದು ಹಡಗುಗಳ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದದಡಿ 1988ರ ಕೊನೆಯಿಂದಲೇ ನಿಷಿದ್ಧ.

ಕಳೆದೇ ಹೋದರೆ

ಮೊದಲ ಕೆಲವು ವಾರಗಳಲ್ಲೇ ಬಲೆ ಹೆಚ್ಚು ಜೀವ ಹಿಡಿಯುವುದು ಎಂದು ಆಗಲೇ ಹೇಳಿದೆ. ಹಾಗಾಗಿ ಹುಡುಕುವುದಾದರೆ ಈಗಲೇ ಹುಡುಕಬೇಕು. ಬಲೆ ಬಿಟ್ಟ ಕೂಡಲೇ ಎರಡೂ ತುದಿಯ ಜಿಪಿಎಸ್ ಗುರುತನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಬೆಂಡಿನ ಮೇಲೆ ದೋಣಿಯ ನಂಬರನ್ನು ಕಾದ ಕಬ್ಬಿಣದಿಂದ ಕೊರೆಯಿರಿ. ಬಣ್ಣ ಅಳಿಯುತ್ತದೆ, ಕೊರೆದದ್ದು ಅಳಿಯುವುದಿಲ್ಲ. ಬಲೆ, ಬೋನುಗಳಿಗೆ ಹೀಗೆ ಗುರುತು ಹಾಕಬೇಕು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಮಾರ್ಗಸೂಚಿಯನ್ನೇ ಒಪ್ಪಿಕೊಂಡಿದೆ. ಬಯಲು ತಳದಲ್ಲಿ ಕಳೆದರೆ ಕೊಕ್ಕೆ ಕಟ್ಟಿದ ಹಗ್ಗವನ್ನು ನಿಧಾನಕ್ಕೆ ಎಳೆದು ಹುಡುಕಬಹುದು. ಬಂಡೆಯ ಮೇಲೆ ಹಾಗೆ ಎಳೆದರೆ ಹವಳ ಮುರಿಯುತ್ತದೆ, ಕೊಕ್ಕೆಯೂ ಅಲ್ಲೇ ಉಳಿಯುತ್ತದೆ. ಅಲ್ಲಿ ತರಬೇತಿ ಇರುವ ಮುಳುಗುಗಾರರನ್ನೇ ಕರೆಯಬೇಕು. ನೀವೇ ಧುಮುಕಬೇಡಿ, ಬಲೆ ಮನುಷ್ಯರನ್ನೂ ಬಿಡುವುದಿಲ್ಲ. ಯಾವುದೂ ಆಗದಿದ್ದರೆ ಜಾಗದ ಗುರುತನ್ನು ನಿಮ್ಮ ಸಂಘಕ್ಕೂ, ಪಕ್ಕದ ಬೋಟಿನವರಿಗೂ ಅದೇ ದಿನ ತಿಳಿಸಿ. ಅವರ ಬಲೆಯೂ ಅಲ್ಲೇ ಸಿಕ್ಕಿಕೊಳ್ಳದೆ ಉಳಿಯುತ್ತದೆ.